ಮೂರನೆಯ ಜೊತೆ

ಜಪಾನಿನ ಹಿಮೇಜಿ ಕೋಟೆಯ ಬಾಗಿಲಲ್ಲಿ ಶೂ ಬಿಚ್ಚಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಕೈಯಲ್ಲಿ ಹಿಡಿದೇ ಮೇಲೆ ಹತ್ತಬೇಕು. ಈ ಪದ್ಧತಿಯನ್ನು ಓದಿದ ದಿನವೇ ಸುಚೇತಾ ಪ್ರವಾಸ ಕ್ಯಾನ್ಸಲ್ ಮಾಡುವ ಯೋಚನೆ ಬಿಟ್ಟಳು. ಶೂ ಹಿಡಿದು ತಿರುಗುವವಳನ್ನು ಅಲ್ಲಿ ಯಾರೂ ಏಕೆಂದು ಕೇಳುವುದಿಲ್ಲ.

ಟಿಕೆಟ್ ತೆಗೆದಿದ್ದವನು ಅಣ್ಣ ಕಾರ್ತಿಕೇಯ. ಮಾರ್ಚಿನಲ್ಲಿ, ಅಮೆರಿಕದ ಅವರ ಮನೆಯ ಹತ್ತಿರದ ಲೂಯಿಸ್‌ವಿಲ್ ಕೆರೆಯ ದಂಡೆಯಲ್ಲಿ ಓಡುತ್ತಿದ್ದವನು ಕುಸಿದ, ಮತ್ತೆ ಏಳಲಿಲ್ಲ. ಹದಿಮೂರು ದಿನ ಕಳೆದದ್ದೇ ಅಮ್ಮ ವಸುಧಾ ಅವನ ಬಟ್ಟೆಬರೆಯನ್ನೆಲ್ಲ ದಾನಕ್ಕೆ ಕಳಿಸಿಬಿಟ್ಟಳು. "ಹೋದೋರ ವಸ್ತು ಮನೇಲಿರಬಾರ್ದು" ಎಂದಳು. ಸುಚೇತಾ ಕದ್ದಿಟ್ಟುಕೊಂಡದ್ದು ಒಂದೇ, ಅವತ್ತಿನ ಶೂ. ಅದರಡಿಯ ಗೆರೆಗಳಲ್ಲಿ ದಂಡೆಯ ಕೆಂಪು ಮಣ್ಣು ಒಣಗಿ ಕೂತಿತ್ತು. ಅವನು ಕೊನೆಗೆ ತುಳಿದ ಮಣ್ಣು. ಈಗ ಆ ಜೊತೆ ಅವಳ ಶೂಗಳ ಮರೆಯಲ್ಲಿ, ಇನ್ನೊಂದು ಚೀಲದಲ್ಲಿ.

"ಅರಮನೆ ಅಂತ ಕರ್ಕೊಂಡ್ಬಂದು ಏಣಿ ಹತ್ತಿಸ್ತಿದೀಯಲ್ಲೇ!" ಕಡಿದಾದ ಮೆಟ್ಟಿಲುಗಳಲ್ಲಿ ಅಮ್ಮ ಏದುಸಿರು ಬಿಟ್ಟಳು.

ಆರನೆಯ ಅಂತಸ್ತಿನಲ್ಲಿ ಪುಟ್ಟ ಗುಡಿಯೊಂದಿತ್ತು. ಅಮ್ಮ ಥಟ್ಟನೆ ನಿಂತಳು. "ಅಯ್ಯೋ, ದೇವ್ರ ಮುಂದೆ ಚಪ್ಲಿ ಹಿಡ್ಕೊಂಡು ನಿಲ್ತಾರೇನೇ? ಇಡು ಅಲ್ಲಿ."

ಜನರೆದುರು ವಾದಿಸುವುದು ಸುಚೇತಾಳಿಂದ ಆಗದು. ಅಮ್ಮನದನ್ನೂ ಸೇರಿಸಿ ಚೀಲಗಳನ್ನು ಕಂಬದ ಬುಡದಲ್ಲಿಟ್ಟಳು. ಕೈಮುಗಿದು ತಿರುಗುವಷ್ಟರಲ್ಲಿ ಜನದ ಸಾಲು ಇಬ್ಬರನ್ನೂ ಇಳಿಯುವ ಮೆಟ್ಟಿಲಿಗೆ ತಳ್ಳಿತ್ತು. ಇಳಿಯುವ ದಾರಿ ಬೇರೆ; ಹಿಂದಕ್ಕೆ ಹತ್ತುವಂತಿಲ್ಲ.

ಕೆಳಗೆ ಸಿಬ್ಬಂದಿಗೆ ಹೇಳಿ, ಕಾಲುಚೀಲದಲ್ಲೇ ಮುಕ್ಕಾಲು ಗಂಟೆ ಕಾದರು. "ನಮ್ಮ ಮೈಸೂರಲ್ಲಾಗಿದ್ರೆ ಇಷ್ಟೊತ್ಗೆ ಯಾರೋ ಹಾಕ್ಕೊಂಡು ಹೋಗಿರೋರು" ಎಂದು ಅಮ್ಮ ನಗಾಡಿದಳು. ಸುಚೇತಾ ಮೆಟ್ಟಿಲಿನತ್ತಲೇ ನೋಡುತ್ತಿದ್ದಳು.

ಕೊನೆಗೆ ವಯಸ್ಸಾದ ಸಿಬ್ಬಂದಿಯೊಬ್ಬಳು ಮೂರು ಚೀಲ ತಂದು, ತಡವಾದದ್ದಕ್ಕೆ ತಾನೇ ತಲೆಬಾಗಿ ಕ್ಷಮೆ ಕೇಳಿದಳು. ಸುಚೇತಾ ಒಂದನ್ನು ಸರಕ್ಕನೆ ಜಾಕೆಟ್ಟಿನೊಳಗೆ ತುರುಕಿಕೊಂಡಳು.

"ನೋಡೇ, ಅಡಿ ಎಲ್ಲಾ ಒರೆಸಿ ಕೊಟ್ಟಿದಾರೆ, ಪಾಪ!" ಅಮ್ಮ ತನ್ನ ಶೂ ತಿರುಗಿಸಿ ತೋರಿಸಿದಳು.

ಸುಚೇತಾ ಜಾಕೆಟ್ಟಿನ ಮೇಲಿಂದಲೇ ಚೀಲ ತಡವಿದಳು.

ಪಕ್ಕದ ತೋಟದ ಕೊಳದ ಬಳಿ, ಅಮ್ಮ ಮೀನು ನೋಡುತ್ತಿದ್ದಾಗ, ಚೀಲ ಬಿಚ್ಚಿದಳು. ಗೆರೆಗಳೆಲ್ಲ ಬೆಳ್ಳಗಿದ್ದವು.

"ಕೊಡಿಲ್ಲಿ." ಅಮ್ಮ ಹಿಂದೆಯೇ ನಿಂತಿದ್ದಳು. ಶೂ ಇಸಿದುಕೊಂಡು ತಿರುಗಿಸಿದಳು. "ಇದರಡೀಲಿ ಮಣ್ಣಿತ್ತಲ್ಲೇ?"

"ನಿಂಗೆ ಗೊತ್ತಿತ್ತಾ?"

"ನೀನು ಆಫೀಸಿಗೆ ಹೋದ್ಮೇಲೆ ದಿನಾ ತೆಗೆದು ನೋಡ್ತಿದ್ದೆ."

ಅಮ್ಮ ಕಲ್ಲಿನ ಮೇಲೆ ಕುಳಿತು ಗೆರೆಯೊಳಗೆ ಉಗುರು ಹಾಕಿ ಕೆರೆದಳು. ಉಗುರಿಗೆ ಏನೂ ಹತ್ತಲಿಲ್ಲ. ಮುಂದಿನ ಗೆರೆಗೆ ಹೋದಳು.