ಒಂದು ತೊಟ್ಟು ಎಣ್ಣೆ

ಊರವರು ದರ್ಜಿಗೆ ಇಟ್ಟ ಅಡ್ಡಹೆಸರು ತೊಟ್ಟು. ಅವನ ಹೊಲಿಗೆ ಯಂತ್ರದ ಪಕ್ಕದಲ್ಲಿ ಉದ್ದ ಮೂತಿಯ ಎಣ್ಣೆಡಬ್ಬಿಯೊಂದು ಸದಾ ಕಾವಲು ಕೂತಿರುತ್ತಿತ್ತು. ಲೋಹಕ್ಕೆ ಲೋಹ ತಾಗುವ ಕಡೆಯಲ್ಲೆಲ್ಲ ಒಂದು ತೊಟ್ಟು ಬಿದ್ದರೆ ಲೋಕದ ಅರ್ಧ ಜಗಳ ನಿಲ್ಲುತ್ತದೆ ಎಂಬುದು ಅವನ ನಂಬಿಕೆ. ಬಾಗಿಲ ತಿರುಗಣೆ, ಕೊಡೆಯ ಕಡ್ಡಿ, ನೆರೆಮನೆಯವರ ಸೈಕಲ್ಲು, ಹೆಂಡತಿಯ ಕನ್ನಡಕದ ಕೀಲು, ಯಾವುದನ್ನೂ ಅವನು ಬಿಟ್ಟವನಲ್ಲ. ಯಾರೂ ಕೇಳಬೇಕಾಗಿಯೂ ಇರಲಿಲ್ಲ. ಗೋಡೆಯ ಗಡಿಯಾರಕ್ಕೆ ಬಿಟ್ಟ ಮರುದಿನ ಅದು ನಿಂತೇ ಹೋದಾಗಲೂ, "ಟಿಕ್ ಟಿಕ್ ಅನ್ನೋ ರಗಳೆಯಾದ್ರೂ ತಪ್ಪಿತಲ್ಲ" ಎಂದು ಸಮಾಧಾನ ಮಾಡಿಕೊಂಡಿದ್ದ.

ಹಾಗಾಗಿ ಆ ದಿನ ಮಧ್ಯಾಹ್ನ, ಹೆಂಡತಿಯ ಕಂಪ್ಯೂಟರಿಗೆ ಹೊಸ ರ‍್ಯಾಮ್ ಹಾಕುವ ಹೊತ್ತಿನಲ್ಲಿ ಅವನ ಕೈ ತಾನಾಗಿಯೇ, ಜೊತೆಗೇ ತಂದಿದ್ದ ಎಣ್ಣೆಡಬ್ಬಿಯ ಕಡೆಗೆ ಹೋದದ್ದರಲ್ಲಿ ಆಶ್ಚರ್ಯವೇನಿರಲಿಲ್ಲ. ಅದು ಅವನಿಗೆ ಉಸಿರಾಡಿದಷ್ಟು ಸಹಜ. ಉಸಿರಾಡಿದ್ದನ್ನು ಯಾರಾದರೂ ನೆನಪಿಟ್ಟುಕೊಳ್ಳುತ್ತಾರೆಯೇ?

ಅವರ ಮನೆಯ ಕೆಳಗೆ ಹೊಲಿಗೆ ಅಂಗಡಿ, ಮಹಡಿಯ ಕೋಣೆಯಲ್ಲಿ ಊರಿನ ರೇಡಿಯೋ. ಸುತ್ತಲಿನ ನಾಲ್ಕಾರು ಹಳ್ಳಿಗಳಿಗಷ್ಟೇ ಕೇಳಿಸುವ ಪುಟ್ಟ ರೇಡಿಯೋ ಅದು. ಅದನ್ನು ನಡೆಸುತ್ತಿದ್ದವಳು ದರ್ಜಿಯ ಹೆಂಡತಿ. ಎಲ್ಲರ ಬಾಯಲ್ಲೂ ಅವಳು ರೇಡಿಯೋ ಅಕ್ಕ. ಬೆಳೆಗೆ ಬಿದ್ದ ಹುಳದಿಂದ ಹಿಡಿದು ಕಳೆದುಹೋದ ಕರುವಿನವರೆಗೆ ಎಲ್ಲ ಸುದ್ದಿಯೂ ಅವಳ ಗಂಟಲಿನಿಂದಲೇ ಹೊರಡಬೇಕು. ಅವಳ ಕಂಪ್ಯೂಟರಿಗೋ ವಯಸ್ಸಾಗಿತ್ತು. ಒಂದು ಧ್ವನಿಗೆ ಇನ್ನೊಂದು ಧ್ವನಿ ಜೋಡಿಸಲು ಹೊರಟರೆ ಸಾಕು, ಕೆಸರಿನಲ್ಲಿ ಕೂತ ಎಮ್ಮೆಯ ಹಾಗೆ ಅಲ್ಲಾಡದೆ ಕೂತುಬಿಡುತ್ತಿತ್ತು. ಪಟ್ಟಣದ ಕಂಪ್ಯೂಟರ್ ಅಂಗಡಿಯವನು ನೋಡಿ, "ಅಕ್ಕಾ, ಇದಕ್ಕೆ ಮರೆವು ಜಾಸ್ತಿಯಾಗಿದೆ. ಇನ್ನೊಂದು ರ‍್ಯಾಮ್ ಹಾಕಿ, ಕುದುರೆ ಆಗುತ್ತೆ" ಎಂದು ಬೆರಳುದ್ದದ ಹಸಿರು ಪಟ್ಟಿಯೊಂದನ್ನು ಕೊಟ್ಟು ಕಳಿಸಿದ್ದ. "ಕರೆಂಟ್ ತೆಗೆದು, ಪಕ್ಕದ ತಗಡು ಬಿಚ್ಚಿ, ಸಂದಿಯಲ್ಲಿ ಕೂರಿಸಿ ಒತ್ತಿ. ಟಕ್ ಅಂದ್ರೆ ಮುಗೀತು."

ದರ್ಜಿ ಎಲ್ಲವನ್ನೂ ಹೇಳಿದ ಹಾಗೆಯೇ ಮಾಡಿದ್ದ. ಟಕ್ ಎಂದೂ ಅಂದಿತ್ತು. ಗುಂಡಿ ಒತ್ತಿದಾಗ ಮಾತ್ರ ಪರದೆ ಕಪ್ಪಗೆ ಉಳಿಯಿತು. ಪೆಟ್ಟಿಗೆಯೊಳಗಿಂದ ಕೀಂ, ಕೀಂ, ಕೀಂ ಎಂಬ ಕೂಗು ಬಂತು. ಸ್ವಲ್ಪ ಸುಮ್ಮನಿದ್ದು ಮತ್ತೆ ಅದೇ ರಾಗ.

"ಲೋ, ಮೇಲೇನೋ ಅದು?" ಕೆಳಗಿನಿಂದ ಅವನ ಅವ್ವನ ದನಿ. "ಇಲಿಗಿಲಿ ಸಿಕ್ಕಿಹಾಕ್ಕೊಂಡಿದ್ಯಾ?"

"ಏನಿಲ್ಲವ್ವ!"

"ಏನಿಲ್ಲದೆ ಯಾಕೆ ಹಾಗೆ ಅರಚ್ಕೊಳ್ಳುತ್ತೆ?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಬೇರೆ ಯಾವ ದಿನವಾದರೂ ಆಗಿದ್ದರೆ ನಾಳೆ ನೋಡೋಣ ಎನ್ನಬಹುದಿತ್ತು. ಆದರೆ ಅವ್ವ ಕೆರೆಯ ತೂಬಿನ ಕೀಲಿಯನ್ನು ಬಿಟ್ಟುಕೊಟ್ಟದ್ದು ಇವತ್ತೇ ಬೆಳಿಗ್ಗೆ. ಹರೆಯದಲ್ಲಿ ಆ ಕೀಲಿ ಹಿಡಿದವಳು, ಮಂಡಿ ಮಾತು ಕೇಳದಾಗುವ ತನಕ ಕೆಳಗಿಟ್ಟಿರಲಿಲ್ಲ. ಯಾರ ಹೊಲಕ್ಕೆ ಯಾವಾಗ ನೀರು ಎಂಬುದು ಅವಳು ಹೇಳಿದಂತೆ. ಅವಳನ್ನು ಬೈಯದವರು ಊರಲ್ಲಿ ಯಾರೂ ಇರಲಿಲ್ಲ. ಅವಳಿಲ್ಲದೆ ನೀರು ಕಂಡವರೂ ಯಾರೂ ಇರಲಿಲ್ಲ. ಇವತ್ತು ಸಂಜೆ ಆರಕ್ಕೆ ಅವಳ ಮೇಲೆಯೇ ಒಂದು ಕಾರ್ಯಕ್ರಮ. ರೇಡಿಯೋ ಅಕ್ಕ ತಿಂಗಳಿನಿಂದ ಹೊಲ ಹೊಲ ಸುತ್ತಿ, ಒಬ್ಬೊಬ್ಬರ ಮಾತನ್ನೂ ಹಿಡಿದು ತಂದು, ಅತ್ತೆಗೆ ಸುಳಿವು ಸಿಗದಂತೆ ಕಂಪ್ಯೂಟರಿನಲ್ಲಿ ಪೋಣಿಸಿಟ್ಟಿದ್ದಳು. "ಸಂಜೆ ತನಕ ಯಾರೂ ಬಾಯಿ ಬಿಡಬೇಡಿ" ಎಂದು ಊರಿಗೆಲ್ಲ ಆಣೆ ಹಾಕಿಸಿದ್ದಳು. ಎಲ್ಲಿ ಬಾಯಿ ಜಾರುತ್ತದೋ ಎಂಬ ಭಯದಲ್ಲಿ, ಕೀಲಿ ಕೊಟ್ಟು ಬರಿಗೈಯಲ್ಲಿ ಏರಿಯ ಮೇಲೆ ಬರುತ್ತಿದ್ದ ಮುದುಕಿಯನ್ನು ಕಂಡು ಜನ ಮುಖ ತಿರುಗಿಸಿಕೊಂಡು ಸರಿದುಹೋಗಿದ್ದರು.

ಆ ಮಾಲೆಯ ಕೊನೆಯಲ್ಲಿ ದರ್ಜಿಯ ಮಾತೂ ಇತ್ತು. ಅವ್ವನ ಎದುರು ನಿಂತು ಒಂದು ಒಳ್ಳೆಯ ಮಾತಾಡಿದ ದಾಖಲೆ ಅವನ ಆಯಸ್ಸಿನಲ್ಲೇ ಇರಲಿಲ್ಲ. ಮೊನ್ನೆ ಬೆಳಗಿನ ಜಾವ, ಹೆಂಡತಿಯನ್ನೂ ಹೊರಗೆ ಕಳಿಸಿ, ಬಾಗಿಲು ಹಾಕಿಕೊಂಡು, ಬೆವರು ಒರೆಸಿಕೊಂಡು ಒಮ್ಮೆ ಹೇಳಿ ಮುಗಿಸಿದ್ದ. ಇನ್ನೊಮ್ಮೆ ಹೇಳು ಎಂದರೆ ತಲೆ ಹೋದರೂ ಆಗದು. ಅದಿದ್ದದ್ದು ಆ ಕಪ್ಪು ಪೆಟ್ಟಿಗೆಯೊಳಗೆ ಮಾತ್ರ.

ರೇಡಿಯೋ ಅಕ್ಕ ಅಂಗಡಿಯವನಿಗೆ ಫೋನ್ ಹಚ್ಚಿ, ಗಟ್ಟಿಯಾಗಿ ಕೇಳಿಸುವಂತೆ ಮೇಜಿನ ಮೇಲಿಟ್ಟಳು. ಅವನು ಆ ಕೂಗನ್ನು ಕೇಳಿಸಿಕೊಂಡು, "ಓ, ಅದು ರ‍್ಯಾಮ್ ಕಾಣ್ತಿಲ್ಲ ಅಂತ ಅಳ್ತಿದೆ ಅಕ್ಕಾ. ಸರಿಯಾಗಿ ಕೂತಿಲ್ಲ. ಭಾವ ಹೊಸ ಅಳಿಯನ್ನ ಕೂರಿಸಿದ ಹಾಗೆ ನಾಜೂಕಾಗಿ ಕೂರಿಸಿರ್ತಾರೆ" ಎಂದ.

"ಟಕ್ ಅಂದಿತ್ತಪ್ಪ!" ದರ್ಜಿಗೆ ಸಿಟ್ಟು ಬಂತು.

"ಮತ್ತೊಂದು ಸಲ ಅನ್ನಿಸಿ ಭಾವ. ಮೊದಲು ಕರೆಂಟ್ ಎಳೀರಿ."

ಎಳೆದರು. ತೆಗೆದು ಮತ್ತೆ ಕೂರಿಸಿದರು. ಕೀಂ, ಕೀಂ, ಕೀಂ. ಹೊಸದನ್ನು ತೆಗೆದು ಹಳೆಯದೊಂದನ್ನೇ ಇಟ್ಟರು. ಅದೇ ಕೂಗು. ಹಳೆಯದನ್ನು ತೆಗೆದು ಹೊಸದೊಂದನ್ನೇ ಇಟ್ಟರು, ಸಂದಿ ಬದಲಾಯಿಸಿದರು, ಪ್ರತಿ ಸಲವೂ ಕರೆಂಟ್ ಎಳೆದು, ತಗಡು ಮುಟ್ಟಿ, ಉಸಿರು ಬಿಗಿಹಿಡಿದು. ಪರದೆ ಮಾತ್ರ ಅಮಾವಾಸ್ಯೆ.

ಅಂಗಡಿಯವನ ದನಿಯಲ್ಲಿದ್ದ ತಮಾಷೆ ಇಳಿಯಿತು. "ಇದು ವಿಚಿತ್ರ ಅಕ್ಕಾ. ಹೊಸದು ಕೆಟ್ಟಿರಬಹುದು, ಒಪ್ಕೋತೀನಿ. ಹಳೇದು ನಿನ್ನೆ ತನಕ ದುಡಿದಿದೆ. ಎರಡೂ ಒಟ್ಟಿಗೆ ಕಣ್ಣು ಮುಚ್ಚೋಕೆ ಅವೇನು ಅವಳಿಜವಳಿನಾ? ಭಾವ, ಬೇರೆ ಏನಾದ್ರೂ ಮಾಡಿದ್ರಾ?"

"ಏನೂ ಇಲ್ಲಪ್ಪ. ನೀನು ಹೇಳಿದ್ದಷ್ಟೇ."

ಅಂದ ಮೇಲೆ, ಬೆರಳುಗಳನ್ನು ಒಂದಕ್ಕೊಂದು ತೀಡಿ ನೋಡಿಕೊಂಡ. ಜಾರುತ್ತಿದ್ದವು. ಎಣ್ಣೆಯ ವಿಷಯದಲ್ಲಿ ಹೆಂಡತಿಯ ಬಳಿ ಅವನ ಹಳೆಯ ಪಾಪಗಳು ಬೇಕಾದಷ್ಟಿದ್ದವು. ಇದನ್ನೂ ಸೇರಿಸಿದರೆ ಉಳಿಗಾಲವಿಲ್ಲ. ಇದರಿಂದ ಆಗಿರಲಾರದು, ಎಣ್ಣೆಯಿಂದ ಕೆಟ್ಟವರುಂಟೇ ಎಂದು ತನಗೆ ತಾನೇ ವಕೀಲಿ ಮಾಡಿಕೊಂಡು ಕಿಟಕಿಯ ಕಡೆ ತಿರುಗಿದ.

ರೇಡಿಯೋ ಅಕ್ಕ ಹೊರಗಿನ ಬಿಸಿಲು ಇಳಿಯುತ್ತಿರುವುದನ್ನು ನೋಡಿದಳು. "ಸರಿ, ಇರಲಿ ಬಿಡಿ. ಮೈಕು ಇದೆ, ಪ್ರಸಾರದ ಯಂತ್ರ ಬೇರೆ ಇದೆ. ನೀವೇ ಕೂತ್ಕೊಳ್ಳಿ."

"ನಾನಾ? ಕೂತು?"

"ಅವತ್ತು ಹೇಳಿದ್ದನ್ನ ನೇರವಾಗಿ ಹೇಳಿ. ಉಳಿದೋರ ಮಾತು ಸಿಗದಿದ್ರೂ ಮಗನ ಮಾತಾದ್ರೂ ಸಿಗಲಿ."

"ನಿನಗೇನಾದ್ರೂ ಹುಚ್ಚು ಹಿಡಿದಿದ್ಯಾ? ಅವಳು ಕೆಳಗೇ ಕೂತಿದಾಳೆ ಕಣೇ! ಮೆಟ್ಟಿಲು ಹತ್ತಿ ಬಂದುಬಿಟ್ರೆ?"

"ಬಂದ್ರೆ ಎದುರಿಗೇ ಹೇಳಿ. ಇನ್ನೂ ಒಳ್ಳೇದು."

ದರ್ಜಿ ಮೈಕನ್ನು ನೋಡಿದ. ಬಾವಿಯ ಕಟ್ಟೆಯ ಮೇಲೆ ನಿಂತು ಕೆಳಗೆ ನೋಡಿದ ಹಾಗಾಯಿತು. ಅತ್ತ ದರಿ, ಇತ್ತ ಪುಲಿ. ಅವನಿಗೆ ಹುಲಿಯೇ ವಾಸಿ ಎನಿಸಿತು.

"ಇವಳೇ," ಎಂದ, ಗಂಟಲು ಸರಿಮಾಡಿಕೊಂಡು. "ಒಂದೇ ಒಂದು ತೊಟ್ಟು."

"ಏನು ಒಂದು ತೊಟ್ಟು?"

"ಬಿಟ್ಟಿದ್ದೆ. ಆ ಚಿನ್ನದ ಬಣ್ಣದ ಹಲ್ಲುಗಳಿದಾವಲ್ಲ, ಅವಕ್ಕೆ. ಸಲೀಸಾಗಿ ಕೂರಲಿ ಅಂತ."

ಮೇಜಿನ ಮೇಲೆ ಫೋನು ಇನ್ನೂ ತೆರೆದೇ ಇರುವುದನ್ನು ಮರೆತು ಅವಳು ಪೆಟ್ಟಿಗೆಯೊಳಗೆ ಬಗ್ಗಿ ನೋಡಿದಳು.

"ಹೊಸದಕ್ಕಾ?" ಎಂದಳು ಹೆಂಡತಿ.

"ಹೊಸದಕ್ಕೆ." ಅವನು ನೆಲ ನೋಡಿದ. "ಅದೊಂದಕ್ಕೇ ಯಾಕೆ ಭೇದಭಾವ ಅಂತ ಹಳೇದನ್ನೂ ತೆಗೆದು..."

ಫೋನಿನೊಳಗೆ ಏನೋ ಒಡೆದ ಸದ್ದಾಯಿತು. ಅಂಗಡಿಯವನ ನಗು ಅದು. ಅವನು ನಕ್ಕು, ಕೆಮ್ಮಿ, ಅಂಗಡಿಯಲ್ಲಿದ್ದ ಇನ್ನಾರನ್ನೋ ಕರೆದು ಹೇಳಿ, ಅವರ ಜೊತೆ ಮತ್ತೆ ನಕ್ಕ. "ಭಾವ, ಅದು ಬಾವಿಯ ರಾಟೆ ಅಲ್ಲ! ಅಲ್ಲಿ ಜಾರಬಾರದು, ಕಚ್ಚಿ ಹಿಡೀಬೇಕು. ನಡುವೆ ಎಣ್ಣೆ ಕೂತರೆ ಹಲ್ಲಿಗೆ ಹಲ್ಲು ತಾಗೋದು ಹೇಗೆ?"

ರೇಡಿಯೋ ಅಕ್ಕ ಬೈಯಲೆಂದೇ ಬಾಯಿ ತೆರೆದಳು. ಹೊರಟದ್ದು ನಗು. ಕುರ್ಚಿಯಲ್ಲಿ ಕುಸಿದು, ಜಾರಿದ ಕನ್ನಡಕವನ್ನು ಮೂಗಿನ ಮೇಲೆ ದೂಡಿ, "ಅಯ್ಯೋ, ನನ್ನ ಕನ್ನಡಕ ನಿಲ್ಲದೆ ಇರೋದೂ ಇದಕ್ಕೇನಾ! ನಿಮ್ಮನ್ನ ಕಟ್ಟಿಕೊಂಡ ಮೇಲೆ ಈ ಮನೇಲಿ ಸ್ಥಿರವಾಗಿರೋದು ನಾನೊಬ್ಬಳೇ ಕಣ್ರೀ!" ಎಂದಳು.

"ನಿನಗೊಂದು ತೊಟ್ಟು ಬಿಡಲಿಲ್ಲವಲ್ಲ" ಎಂದ ದರ್ಜಿ ಮೆಲ್ಲಗೆ. ಪಾಪ ಹೊರಬಿದ್ದ ಮೇಲೆ ಮೈ ಹಗುರಾಗಿತ್ತು.

ಅಂಗಡಿಯವನು ನಗು ನುಂಗಿಕೊಂಡು ದಾರಿ ಹೇಳಿದ. ಹಲ್ಲುಗಳನ್ನು ಸ್ಪಿರಿಟ್ಟಿನಿಂದ ಒರೆಸಿ, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಹಗುರವಾಗಿ ಉಜ್ಜಬೇಕು. ಅದು ಸುಲಭ. ತೊಂದರೆ ಇದ್ದದ್ದು ಸಂದಿಯಲ್ಲಿ. ಎಣ್ಣೆ ಅಲ್ಲಿಗೂ ಇಳಿದಿರುತ್ತದೆ. "ಹತ್ತಿ ಹಾಕಬೇಡಿ, ಎಳೆ ಉಳ್ಕೊಳ್ಳುತ್ತೆ. ತೆಳುವಾಗಿರಬೇಕು, ಗಟ್ಟಿಯಾಗಿರಬೇಕು, ಎಳೆ ಬಿಡಬಾರದು. ಅಂಥದ್ದೇನಾದ್ರೂ ಇದ್ಯಾ?"

ಅಂಥದ್ದು ದರ್ಜಿಯ ಅಂಗಡಿಯಲ್ಲಿ ಸುರುಳಿಗಟ್ಟಲೆ ಇತ್ತು. ಅಂಗಿಯ ಕಾಲರು ಸೆಟೆದು ನಿಲ್ಲಲಿ ಎಂದು ಒಳಗಿಡುವ ಗಟ್ಟಿ ಬಟ್ಟೆ. ಅವನು ಎರಡೆರಡು ಮೆಟ್ಟಿಲು ಹಾರಿ ಕೆಳಗಿಳಿದ.

ಅವ್ವ ಅವನ ಹೊಲಿಗೆ ಯಂತ್ರದ ಮುಂದೆ, ಅವನದೇ ಸ್ಟೂಲಿನ ಮೇಲೆ ಕೂತಿದ್ದಳು. ಎದುರಿಗೆ ರೇಡಿಯೋ. ಕೈಗೆ ಕೆಲಸವಿಲ್ಲದೆ ಬಟ್ಟೆಯ ಚೂರೊಂದನ್ನು ಮಡಚುತ್ತ, ಬಿಚ್ಚುತ್ತ ಇದ್ದಳು.

"ಆರಕ್ಕೆ ಕೇಳು ಅಂದ್ಲು ನಿನ್ನ ಹೆಂಡ್ತಿ. ಏನಂತೆ?"

"ಹವಾಮಾನವ್ವ."

"ಹವಾಮಾನ ನನಗೆ ಹೇಳ್ತಾಳಂತಾ ಇವಳು! ಮೋಡ ನೋಡಿ ತೂಬು ಎತ್ತಿದೋಳು ನಾನು." ಹಾಗೆಂದು ಒಮ್ಮೆಲೆ ದನಿ ಇಳಿಸಿದಳು. "ಒಬ್ರೂ ಬಾಯಿ ಬಿಡಲಿಲ್ಲ ಕಣೋ. ಕೀಲಿ ಕೊಟ್ಟು ಅಷ್ಟುದ್ದ ಏರಿ ಮೇಲೆ ನಡ್ಕೊಂಡು ಬಂದೆ. ಹೋಗ್ತೀಯಾ ಅಂತಾನೂ ಕೇಳಲಿಲ್ಲ. ಬೈದಿದ್ರೂ ಆಗ್ತಿತ್ತು."

ದರ್ಜಿ ಗಟ್ಟಿ ಬಟ್ಟೆಯನ್ನು ಕತ್ತರಿಸಿಕೊಂಡು ಮೇಲೆ ಓಡಿದ.

ಆಮೇಲೆ ನಡೆದ ಕೆಲಸ ನೋಡುವಂತಿತ್ತು. ಹೆಂಡತಿ ಹಲ್ಲುಗಳನ್ನು ಉಜ್ಜಿದಳು, ಊದಿ ಪುಡಿ ಹಾರಿಸಲು ಹೊರಟಳು. "ಬಾಯಿಂದ ಊದಬೇಡಿ, ಎಂಜಲು ಹಾರುತ್ತೆ!" ಎಂದು ಫೋನು ಕಿರುಚಿತು. ಒಣಬಟ್ಟೆಯಲ್ಲಿ ತಟ್ಟಿ ಉದುರಿಸಿದಳು. ದರ್ಜಿ ಗಟ್ಟಿ ಬಟ್ಟೆಯನ್ನು ಸಂದಿಯ ಅಗಲಕ್ಕೆ ಸರಿಯಾಗಿ ಮಡಚಿ, ಸ್ಪಿರಿಟ್ಟಿನಲ್ಲಿ ತುಸು ನೆನೆಸಿ, ಕಾಲರಿನ ಮೂಲೆ ತಿರುವುವ ನಾಜೂಕಿನಿಂದ ಒಳಗಿಳಿಸಿ ಎಳೆದ. ಹಳದಿ ಜಿಡ್ಡು ಬಂತು. ಬೇರೆ ಚೂರು ಹಾಕಿ ಎಳೆದ. ಬಟ್ಟೆ ಬಿಳಿಯಾಗಿ ಹೊರಬರುವ ತನಕ ಬಿಡಲಿಲ್ಲ. ಕೈಯನ್ನು ಸೋಪಿನಲ್ಲಿ ತೊಳೆದು ಬಂದ. ಸ್ಪಿರಿಟ್ಟಿನ ವಾಸನೆ ಪೂರಾ ಆರಿದ ಮೇಲೆ ರ‍್ಯಾಮುಗಳನ್ನು ಒಂದಾದ ಮೇಲೊಂದು ಕೂರಿಸಿ, ಈ ಸಲ ಹೊಸ ಅಳಿಯನ ಮರ್ಯಾದೆ ಕೊಡದೆ, ಎರಡೂ ತುದಿಯಲ್ಲಿ ಹೆಬ್ಬೆರಳಿಟ್ಟು ಒತ್ತಿದ. ಟಕ್. ಟಕ್.

ಗುಂಡಿ ಒತ್ತಿದರು. ಒಳಗಿನ ಫ್ಯಾನು ತಿರುಗಿತು. ಪರದೆ ಕಪ್ಪು. ಹೆಂಡತಿ ಅವನ ತೋಳನ್ನು ಹಿಡಿದ ಬಿಗಿಗೆ ಉಗುರು ಊರಿತು. "ತಾಳಿ, ಹೊಸಬರ ಗುರುತು ಹಿಡೀತಿರುತ್ತೆ" ಎಂದಿತು ಫೋನು.

ಕೀಂ, ಎಂದಿತು ಪೆಟ್ಟಿಗೆ. ಒಂದೇ ಸಲ. ಆಮೇಲೆ ಪರದೆಯ ಮೇಲೆ ಬೆಳಕು ಬಂತು.

ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಕೂಗಿದ್ದು ಕೆಳಗಿನ ಮುದುಕಿಗೂ ಕೇಳಿಸಿತು. "ಸಿಕ್ತೇನೋ ಇಲಿ?" ಎಂದಳು.

"ಸಿಕ್ತವ್ವಾ!"

ಆರಕ್ಕೆ ಸರಿಯಾಗಿ ರೇಡಿಯೋ ಅಕ್ಕನ ದನಿ ಊರಿನ ಮನೆಮನೆಯಲ್ಲೂ ಎದ್ದಿತು. ದರ್ಜಿಗೆ ಆ ಕೋಣೆಯಲ್ಲಿ ಕೂರಲಾಗಲಿಲ್ಲ. ಮೆಟ್ಟಿಲ ನಡುವೆ, ಅವ್ವನ ಬೆನ್ನು ಕಾಣುವಷ್ಟು ಇಳಿದು ಕೂತ.

ಮೊದಲು ಬಂದವನು ಏರಿಯ ಕೆಳಗಿನ ಹೊಲದ ಮುದುಕ. "ನನ್ನ ಬೀಗರು ಬಂದು ಹೇಳಿದ್ರೂ ಈಯಮ್ಮ ಸರದಿ ಮುರಿದೋಳಲ್ಲ. ಬಾಯಿ ತುಂಬ ಬೈದಿದೀನಿ. ಆದ್ರೆ ನನ್ನ ಸರದಿ ಒಂದು ಸಲಾನೂ ತಪ್ಪಲಿಲ್ಲ ಕಣ್ರಪ್ಪ."

"ಬೈದಿದ್ದೇನು ಕಮ್ಮಿನಾ!" ಅವ್ವ ರೇಡಿಯೋಗೆ ಉತ್ತರ ಕೊಟ್ಟಳು. ಬಟ್ಟೆಯ ಚೂರು ಕೈಯಿಂದ ಬಿದ್ದುಹೋಗಿತ್ತು.

ಕಾಲುವೆಯ ಕಟ್ಟಕಡೆಯ ಹೊಲದವಳು, ನೀರು ತನ್ನ ಬದು ಮುಟ್ಟಿತೇ ಎಂದು ನೋಡಲು ಲಾಟೀನು ಹಿಡಿದು ಖುದ್ದು ನಡೆದು ಬರುತ್ತಿದ್ದ ಅವ್ವನ ಬಗ್ಗೆ ಹೇಳಿದಳು. ಹೊಸದಾಗಿ ಕೀಲಿ ಪಡೆದವನು, "ನಾಳೆಯಿಂದ ಯಾರ ಸರದಿ ಅಂತ ಯಾರನ್ನ ಕೇಳಲಿ?" ಎಂದ. ಒಬ್ಬರ ಹಿಂದೆ ಒಬ್ಬರು ಬಂದರು. ಕಂಪ್ಯೂಟರು ಒಂದು ಕಡೆಯೂ ತಡವರಿಸಲಿಲ್ಲ. ಮುದುಕಿ ಒಬ್ಬೊಬ್ಬರಿಗೂ ಮರುಮಾತು ಕೊಡುತ್ತ, ನಗುತ್ತ, ಸೆರಗಿನಿಂದ ಕಣ್ಣು ಒರೆಸುತ್ತ, ಸ್ಟೂಲನ್ನು ರೇಡಿಯೋದ ಹತ್ತಿರ ಹತ್ತಿರ ಎಳೆದುಕೊಂಡಳು.

ಕೊನೆಗೆ ಬಂತು ಆ ದನಿ. ಒಣಗಿದ, ಹೆದರಿದ ದನಿ. ದರ್ಜಿ ಮೆಟ್ಟಿಲ ಮೇಲೆ ಕಿವಿ ಮುಚ್ಚಿಕೊಂಡ. ಬೆರಳ ಸಂದಿಯಲ್ಲಿ ಕೇಳಿಸುತ್ತಲೇ ಇತ್ತು.

"ನಮ್ಮ ಹೊಲಕ್ಕೆ ಯಾವಾಗಲೂ ಕೊನೇಲಿ ನೀರು. ತೂಬಿನ ಕೀಲಿ ನಮ್ಮನೇಲೇ ಇದ್ರೂ ಕೊನೇಲಿ. ಚಿಕ್ಕೋನಿದ್ದಾಗ ನನಗೆ ಅವ್ವನ ಮೇಲೆ ಅದೇ ಸಿಟ್ಟು. ಈಗ ನಾನು ಊರಿನವರ ಬಟ್ಟೆಯೆಲ್ಲ ಹೊಲಿದು ಮುಗಿಸಿ, ನಮ್ಮನೇದು ಕೊನೇಲಿ ಹೊಲೀತೀನಿ. ಹೆಂಡ್ತಿ ಬೈತಾಳೆ. ಇದನ್ನ ಎಲ್ಲಿ ಕಲಿತೆ ಅಂತ ಮೊನ್ನೆ ಯೋಚನೆ ಮಾಡಿದೆ. ಆಗ ಗೊತ್ತಾಯ್ತು. ಅಷ್ಟೇ."

ರೇಡಿಯೋ ಸುಮ್ಮನಾಯಿತು. ಬೀದಿಯಲ್ಲಿ ಯಾರೋ ಯಾರಿಗೋ ಕೂಗಿ ಹೇಳುತ್ತಿದ್ದರು, ಬಾಗಿಲುಗಳು ತೆರೆಯುತ್ತಿದ್ದವು, ಜನ ಈ ಕಡೆಗೇ ಬರುತ್ತಿದ್ದರು.

"ಲೋ," ಎಂದಳು ಅವಳು, ಹಿಂದೆ ತಿರುಗದೆ. "ಯಾರೋ ಅದು, ಕೊನೇಲಿ ಮಾತಾಡಿದೋನು?"

ದರ್ಜಿ ಬೆಚ್ಚಿಬಿದ್ದ. "ಗೊತ್ತಿಲ್ಲವ್ವ."

"ದನಿ ಎಲ್ಲೋ ಕೇಳಿದ ಹಾಗಿದೆ. ಯಾರಾದ್ರೂ ಆಗ್ಲಿ, ಅವನ ಹೆತ್ತೋಳು ಪುಣ್ಯವಂತೆ. ನನಗೂ ಒಬ್ಬ ಇದಾನೆ, ಕೇಳಿದ್ರೆ ಹವಾಮಾನ ಅಂತಾನೆ." ಅವಳು ಮೂಗು ಸೀಟಿಕೊಂಡು, ಮಂಡಿ ಹಿಡಿದು ಎದ್ದಳು. "ಸಿಕ್ಕಿದ್ರೆ ಇವತ್ತು ಊಟಕ್ಕೆ ಕರಿ ಅವನ್ನ. ಎಲ್ಲರಿಗಿಂತ ಮೊದಲು ಬಡಿಸ್ತೀನಿ."