ಬಾಗಿಲು ತೆರೆದಿದೆ ಎಂಬ ಕಾಗದ

ಆ ಕಾಗದವನ್ನು ಜಯಕರ ಆಫೀಸಿನ ಟೈಪ್‌ರೈಟರಿನಲ್ಲಿ ಮೂರು ಸಲ ತಿದ್ದಿ ಹೊಡೆದಿದ್ದ. ಓಕ್‌ಲೆಂಡಿನ ಚರ್ಚೊಂದರ ಹಿಂದಿನ ಹಳೆಯ ಶಾಲೆಯಲ್ಲಿ ಮನೆಯಿಲ್ಲದ ಸಂಸಾರಗಳಿಗೆ ಶೆಲ್ಟರು ತೆರೆದಿದ್ದರು. ಒಂದು ಕೋಣೆ ಖಾಲಿಯಾಗಿತ್ತು. ಅದು ಅಕ್ಕ ಸುಗುಣಾಳಿಗೂ ಅವಳ ಏಳು ವರ್ಷದ ಮಗಳು ರಮಾಳಿಗೂ ಸಿಗಬೇಕಾದರೆ, ಅವರು ಕೊನೆಗೆ ತಂಗಿದ್ದ ಮನೆಯವರು ಇವರಿಗೆ ಇನ್ನು ಇಲ್ಲಿ ಜಾಗವಿಲ್ಲವೆಂದು ಬರೆದುಕೊಡಬೇಕಿತ್ತು. ಆ ಮನೆಯವನು ಜಯಕರನೇ.

ಅವನು ಮರ್ಯಾದೆಯಾಗಿಯೇ ಬರೆದಿದ್ದ. ಮನೆಯಲ್ಲಿ ಹೆಚ್ಚು ಜನ ಇರಬಾರದೆಂದು ಅಪಾರ್ಟ್‌ಮೆಂಟಿನ ಮ್ಯಾನೇಜರು ನೋಟಿಸು ಕೊಟ್ಟಿದ್ದಾನೆ, ಹೀಗಾಗಿ ಅನಿವಾರ್ಯ, ತಾತ್ಕಾಲಿಕ. ಆದರೂ ನಮ್ಮ ಮನೆಯ ಬಾಗಿಲು ಅವರಿಗೆ ಸದಾ ತೆರೆದಿದೆ. ಈ ಕೊನೆಯ ಸಾಲನ್ನು ಓದಿಕೊಂಡಾಗ ಅವನ ಕಣ್ಣು ತೇವವಾಗಿದ್ದೂ ನಿಜ.

ಸುಗುಣಾಳ ಗಂಡ ಗಿಲ್‌ರಾಯಿಯ ಮೋಟೆಲೊಂದನ್ನು ನೋಡಿಕೊಳ್ಳುತ್ತಿದ್ದ. ಕೌಂಟರಿನ ಹಿಂದಿನ ಕೋಣೆಯೇ ಮನೆ. ಮೋಟೆಲು ಕೈಬದಲಾದಾಗ ಕೆಲಸವೂ ಮನೆಯೂ ಒಂದೇ ವಾರದಲ್ಲಿ ಹೋದವು. ಕೆಲಸ ಹುಡುಕಿಕೊಂಡು ಹ್ಯೂಸ್ಟನ್ನಿಗೆ ಹೋದವನು ಎರಡು ಸಲ ಫೋನು ಮಾಡಿದ, ಆಮೇಲೆ ಸುದ್ದಿಯಿಲ್ಲ. ತಾಯಿ ಮಗಳು ಸ್ಯಾನ್ ರಮೋನಿನ ಜಯಕರನ ಮನೆಯ ಹಾಲಿನಲ್ಲಿ ನಾಲ್ಕು ತಿಂಗಳು ಮಲಗಿದರು. ಕನ್ನಡದವರು ಬಂದಾಗೆಲ್ಲ ಜಯಕರ, ಅಕ್ಕ ಅಮೆರಿಕ ನೋಡಲು ಬಂದಿದ್ದಾಳೆ ಅನ್ನುತ್ತಿದ್ದ. ಅಕ್ಕ ಹೌದೆಂದು ತಲೆಯಾಡಿಸಿ ಕಾಫಿ ತಂದಿಡುತ್ತಿದ್ದಳು. ನಾಲ್ಕನೆಯ ತಿಂಗಳಿಗೆ ಜನ, ವಾಪಸು ಯಾವಾಗ ಎಂದು ಕೇಳತೊಡಗಿದರು. ಮ್ಯಾನೇಜರಿನ ನೋಟಿಸು ಬಂದದ್ದು ಆಗಲೇ. ಎಂದರೆ, ಬಂದಿದೆ ಎಂದು ಜಯಕರ ಒಂದು ಸಂಜೆ ಪೇಪರಿನಿಂದ ತಲೆಯೆತ್ತದೆ ಹೇಳಿದ. ಶೆಲ್ಟರನ್ನು ಹುಡುಕಿಕೊಂಡದ್ದು ಅಕ್ಕನೇ.

ಈಗ ಶೆಲ್ಟರಿನ ಆಫೀಸಿನಲ್ಲಿ ಮೇಜಿನ ಹಿಂದಿನ ಹೆಂಗಸು ಕಾಗದದ ಕೊನೆಯ ಸಾಲಿನ ಕೆಳಗೆ ಪೆನ್ಸಿಲು ಇಟ್ಟಳು. ಬಾಗಿಲು ತೆರೆದಿದ್ದರೆ ಅವರಿಗೆ ಮನೆಯಿದೆ ಎಂದಾಯಿತು, ಕೋಣೆ ಕೊಡಲು ಬರುವುದಿಲ್ಲ ಎಂದಳು. ಬೆಳಿಗ್ಗೆ ಮ್ಯಾನೇಜರಿಗೂ ಫೋನು ಮಾಡಿದ್ದಳಂತೆ, ಅದು ಇಲ್ಲಿನ ಪದ್ಧತಿ. ಅವನು ಯಾರಿಗೂ ನೋಟಿಸು ಕೊಟ್ಟಿಲ್ಲ. ಆ ತಾಯಿ ಮಗಳಿಂದ ತನಗೇನೂ ತೊಂದರೆಯಿಲ್ಲ ಅಂದನಂತೆ. ಇದನ್ನೆಲ್ಲ ಅವಳು ಬಸ್ಸಿನ ವೇಳಾಪಟ್ಟಿ ಓದುವ ಹಾಗೆ ಹೇಳಿದಳು. ನಾಲ್ಕು ಗಂಟೆಯೊಳಗೆ ಸರಿಯಾದ ಕಾಗದ ಬಾರದಿದ್ದರೆ ಕೋಣೆ ಮುಂದಿನವರಿಗೆ. ಮುಂದಿನವರು ಹೊರಗಿನ ಬೆಂಚಿನಲ್ಲಿ ಕುಳಿತಿದ್ದರು, ಗಂಡ, ಹೆಂಡತಿ, ತೊಡೆಯ ಮೇಲೊಂದು ಕೂಸು.

ಜಯಕರನ ಕಿವಿ ಬಿಸಿಯಾಯಿತು. ಅಕ್ಕ ತನ್ನತ್ತ ನೋಡುತ್ತಾಳೆಂದು ಕಾದ. ಅವಳು ರಮಾಳ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತಿದ್ದಳು. ಮನೆಗೆ ಹೋಗೋಣ ಅಕ್ಕ, ಎನ್ನುವುದಕ್ಕೆ ಇದು ಹೊತ್ತು. ಆದರೆ ಜಯಕರ ಹೇಳಿದ್ದು ಬೇರೆ.

"ಆ ಮ್ಯಾನೇಜರಿಗೆ ಮರೆವು, ಅಕ್ಕ..."

"ಬರೆ ಮಾರಾಯ. ನಾಲ್ಕಾಗ್ತಾ ಬಂತು."

"ಏನಂತ ಬರೀಲಿ?"

"ಹೊರಗೆ ಹೋಗಿ ಅಂತ ನಾನೇ ಹೇಳಿದೆ, ಇನ್ನು ಒಳಗೆ ಸೇರಿಸುವುದಿಲ್ಲ, ಅಷ್ಟೇ. ನಿನಗೆ ಕೈ ಬಾರದಿದ್ರೆ ನಾನು ಬರೀತೇನೆ, ನೀನು ಸೈನು ಹಾಕು."

ಅಷ್ಟು ಒರಟಾಗಿ ಬರೆದರೆ ಇವರೆಲ್ಲ ತನ್ನನ್ನು ಏನೆಂದುಕೊಂಡಾರು ಎಂದು ಜಯಕರ ಗೊಣಗಿದ. ಆಗ ಅಕ್ಕ ಮೊದಲ ಸಲ ಅವನ ಮುಖ ನೋಡಿದಳು.

"ಇನ್ನೊಂದು ತಿಂಗಳು ಬಿಡ್ತಾನಾ ಕೇಳುವ ಅಂತ ಅವತ್ತೇ ನಾನು ಮ್ಯಾನೇಜರಿನ ಹತ್ರ ಹೋಗಿದ್ದೆ. ಯಾವ ನೋಟಿಸು ಅಂತ ಕೇಳಿದ. ನಾನು ನಿನಗೆ ಏನಾದ್ರೂ ಅಂದೆನಾ?"

ಮೇಜಿನ ಹೆಂಗಸಿಗೆ ಕನ್ನಡ ಬಾರದು. ಆದರೂ ಅವಳು ಕಣ್ಣು ತಗ್ಗಿಸಿ ಡ್ರಾಯರಿನಲ್ಲಿ ಏನನ್ನೋ ಹುಡುಕತೊಡಗಿದಳು. ಜಯಕರ ಬರೆದ. ಒಟ್ಟು ಎರಡು ಸಾಲು. ತಿದ್ದಬೇಕಾದ ಒಂದು ಶಬ್ದವೂ ಅದರಲ್ಲಿರಲಿಲ್ಲ. ಹೆಂಗಸು ಓದಿ, ಇದು ಸರಿಯಾಗಿದೆ, ಥ್ಯಾಂಕ್ಸ್ ಅಂದಳು. ಎರಡು ದುಪ್ಪಟಿ, ಎರಡು ಟವೆಲು, ಒಂದು ಸೋಪು ಮೇಜಿನ ಮೇಲೆ ಬಂದವು. ಎರಡಂತಸ್ತಿನ ಮಂಚದಲ್ಲಿ ಮೇಲಿನದು ತನಗೇ ಎಂದು ರಮಾ ಇಂಗ್ಲಿಷಿನಲ್ಲಿ ಆಗಲೇ ಹಕ್ಕು ಸಾಧಿಸಿದಳು.

ಕೊನೆಗೊಂದು ಫಾರ್ಮು ಉಳಿದಿತ್ತು. ಇಲ್ಲಿರುವವರನ್ನು ನೋಡಲು ಯಾರು ಬರಬಹುದೆಂದು ಅವರೇ ಹೆಸರು ಕೊಡಬೇಕು. ಹೆಸರಿಲ್ಲದವರನ್ನು ಒಳಗೆ ಬಿಡುವುದಿಲ್ಲ. ಇವರ ಹೆಸರು ಹಾಕಲೇ ಎಂದು ಹೆಂಗಸು ಸುಗುಣಾಳನ್ನು ಕೇಳಿದಳು.

ಅಕ್ಕ ತಮ್ಮನ ಕಡೆ ತಿರುಗಿದಳು. ದನಿಯಲ್ಲಿ ಕೊಂಕಿರಲಿಲ್ಲ, ಊಟಕ್ಕೆ ಬರ್ತೀಯಾ ಎಂದು ಕೇಳುವಷ್ಟೇ ಸಹಜವಾಗಿತ್ತು. "ನೀನು ಬರ್ತೀಯಾ?"

ಜಯಕರ ಬರುತ್ತೇನೆ ಎನ್ನುವವನೇ. ಆದರೆ ಅದಕ್ಕೂ ಮುಂಚೆ, ಫ್ರೀವೇ ಇಳಿದು ಈ ಬೀದಿಯಲ್ಲಿ ಕಾರು ನಿಲ್ಲಿಸುವುದು, ಕಾರನ್ನು ಗುರುತಿಸಬಲ್ಲವರು ಯಾರಾದರೂ ಆ ಕಡೆ ಹಾದುಹೋಗುವುದು, ಎಲ್ಲ ಒಮ್ಮೆ ಅವನ ಕಣ್ಣ ಮುಂದೆ ಹಾದುಹೋಯಿತು. ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ.

"ಖಾಲಿ ಬಿಡಿ," ಎಂದು ಸುಗುಣಾ ಹೆಂಗಸಿಗೆ ಹೇಳಿದಳು.

ಆಮೇಲೆ ಯಾರೂ ಏನೂ ಸೇರಿಸದಿರಲೆಂದು ಹೆಂಗಸು ಆ ಖಾಲಿ ಜಾಗದ ಉದ್ದಕ್ಕೂ ಒಂದು ಗೆರೆ ಎಳೆದಳು.