ಹೆಸರು ಬದಲಿಸಲಾಗಿದೆ

“ನೀನ ಹುಡುಕಿ ನೋಡು ತಂಗಿ,” ಎಂದು ಗೋಪಿಬಾಯಿ ತನ್ನ ಮೊಬೈಲನ್ನು ಶೈಲಶ್ರೀಯ ಕೈಗೆ ಕೊಟ್ಟಳು.

ಶೈಲಶ್ರೀ ಆ್ಯಪ್ ತೆರೆದು ಗಣೇಶಗುಡಿ ಎಂದು ಒತ್ತಿದಳು. ಊರಿನ ಹೋಮ್‌ಸ್ಟೇಗಳೆಲ್ಲ ಫೋಟೊ ಸಮೇತ ಸಾಲಾಗಿ ಬಂದವು. ತಾನು ಯಾವ ಮನೆಯ ಪಡಸಾಲೆಯಲ್ಲಿ ಕೂತಿದ್ದಳೋ ಅದೊಂದು ಮಾತ್ರ ಇರಲಿಲ್ಲ. ಹೆಸರನ್ನೇ ಬರೆದು ಹುಡುಕಿದಳು. ಅಂಥದ್ದು ಯಾವುದೂ ಇಲ್ಲವೆಂದು ಆ್ಯಪ್ ಹೇಳಿತು.

“ಯಾವಾಗಿಂದ ಅಕ್ಕಾ?”

“ನಿನ್ನ ವರದಿ ಬಂತಲ್ಲ, ಅದಾಗಿ ಒಂಬತ್ತನೇ ದಿನಕ್ಕ.”

ಸಿಹಿ ಸುದ್ದಿ ಹೇಳಲೆಂದು ಧಾರವಾಡದ ಪೇಢೆ ಕಟ್ಟಿಸಿಕೊಂಡು ಬಂದಿದ್ದಳು ಶೈಲಶ್ರೀ. ಆ ಡಬ್ಬಿ ಇನ್ನೂ ಅವಳ ತೊಡೆಯ ಮೇಲೇ ಇತ್ತು. ಕೊಡಲು ಕೈ ಬರಲಿಲ್ಲ.

ಅವಳು ದಾಂಡೇಲಿಯ ಬಂಗೂರನಗರದಲ್ಲಿ ಬೆಳೆದವಳು, ಕಾಗದದ ಕಾರ್ಖಾನೆಯ ನೌಕರನ ಮಗಳು. ಹದಿನಾಲ್ಕು ವರ್ಷದಿಂದ ದಿಲ್ಲಿಯ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ದೊಡ್ಡ ತಂತ್ರಜ್ಞಾನ ಕಂಪನಿಗಳ ಬಗ್ಗೆ ಬರೆಯುತ್ತಿದ್ದಳು. ಅವು ಸಣ್ಣವರ ಕತ್ತು ಹೇಗೆ ಹಿಸುಕುತ್ತವೆ, ಸರ್ಕಾರ ಅವಕ್ಕೆ ಹೇಗೆ ಮೂಗುದಾರ ಹಾಕುತ್ತದೆ ಅಥವಾ ಹಾಕದೆ ಸುಮ್ಮನಿರುತ್ತದೆ, ಇದೇ ಅವಳ ವಿಷಯ. ಓದುವವರು ಯಾರೆಂದರೆ ವಕೀಲರು, ಬಿಟ್ಟರೆ ಆ ಕಂಪನಿಗಳ ವಕೀಲರು. ಹೆತ್ತ ತಾಯಿಯೇ ಅವಳ ಲೇಖನವನ್ನು ಎರಡನೇ ಪ್ಯಾರಾ ದಾಟಿ ಓದಿದ್ದಿಲ್ಲ.

ಐದು ತಿಂಗಳ ಹಿಂದಿನ ವರದಿ ಮಾತ್ರ ಹಾಗಾಗಲಿಲ್ಲ. ರೂಮು ಬುಕ್ ಮಾಡುವ ಆ್ಯಪಿನ ಕಂಪನಿಯೊಂದು ಹೋಮ್‌ಸ್ಟೇಯವರಿಗೆ ತಾಕೀತು ಮಾಡಿತ್ತು: ಬೇರೆ ಯಾವ ಆ್ಯಪಿನಲ್ಲೂ ಇರಕೂಡದು, ನೇರವಾಗಿ ಫೋನ್ ಮಾಡಿದವರಿಗೂ ಕಡಿಮೆ ದರಕ್ಕೆ ಕೊಡಕೂಡದು. ಎಲ್ಲರಿಗೂ ಗೊತ್ತಿದ್ದ ಸಂಗತಿ, ಯಾರೂ ಬಾಯಿ ಬಿಡಲಿಲ್ಲ. ಗೋಪಿಬಾಯಿ ಒಬ್ಬಳೇ ಕಂಪನಿಯ ಮೆಸೇಜುಗಳನ್ನು ತೆಗೆದು ತೋರಿಸಿದಳು. ಹೆಸರು ಹೊರಗೆ ಬರಬಾರದು ಎಂದಿದ್ದಳು. ಬರುವುದಿಲ್ಲ ಎಂದು ಶೈಲಶ್ರೀ ಮಾತು ಕೊಟ್ಟಿದ್ದಳು. ಆ ವರದಿಯಿಂದಲೇ ಹೋದ ವಾರ ದಿಲ್ಲಿಯಲ್ಲಿ ಕಂಪನಿಯ ಮೇಲೆ ತನಿಖೆಗೆ ಆದೇಶವಾಗಿತ್ತು. ಅವಳು ತಂದ ಸಿಹಿ ಸುದ್ದಿ ಅದೇ.

“ನಾ ಹೆಸರು ಬದಲಿ ಮಾಡಿದ್ದೆ. ಊರು ಬರೀಲಿಲ್ಲ. ಕಾಳಿ ಹೊಳಿ ಅಂತನೂ ಬರೀಲಿಲ್ಲ,” ಎಂದಳು ಶೈಲಶ್ರೀ. “ಊರ ಮಂದಿ ಯಾರರ ಹೋಗಿ ಹೇಳಿದ್ರೇನು?”

“ಯಾರೂ ಹೇಳಲಿಲ್ರಿ,” ಎಂದ ಗೋಪಿಬಾಯಿಯ ಗಂಡ ಕಾಶಿರಾಮ. ಅಲ್ಲಿಯವರೆಗೆ ಕಂಬಕ್ಕೆ ಒರಗಿ ಸುಮ್ಮನೆ ಕೂತಿದ್ದ. “ಕಂಪನಿಯಿಂದ ಒಬ್ಬ ಸಾಹೇಬ ಬಂದಿದ್ದ. ಭಾಳ ಮರ್ಯಾದಸ್ಥ. ಇಲ್ಲೇ ಉಂಡ, ಅಡಿಗಿ ಹೊಗಳಿದ. ಆಮ್ಯಾಲೆ ನೀವು ಬರದದ್ದನ್ನ ಫೋನಿನ್ಯಾಗ ತಗದು, ಕನ್ನಡ ಮಾಡಿ ಓದಿ ಹೇಳಿದ. ಹೊಸ್ತಿಲಾ ದಾಟಿ ಬಂದೋರಿಗೆ ಈಕಿ ಮೊದಲ ಬೆಲ್ಲಾ-ನೀರು ಕೊಡ್ತಾಳ ಅಂತ ಬರದೀರಂತಲ್ಲ?”

ಶೈಲಶ್ರೀ ಪೇಢೆಯ ಡಬ್ಬಿಯನ್ನು ಬದಿಗೆ ಸರಿಸಿದಳು.

“ಬೆಲ್ಲಾ-ನೀರು ಯಾರ ಮನ್ಯಾಗ ಕೊಡಂಗಿಲ್ಲಣ್ಣಾ? ನಮ್ಮವ್ವನೂ ಕೊಡ್ತಾಳ.”

“ಮನ್ಯಾಗ ಎಲ್ಲಾರೂ ಕೊಡ್ತಾರ್ರಿ. ಹೋಮ್‌ಸ್ಟೇದಾಗ ಯಾರ ಕೊಡ್ತಾರ? ಅಲ್ಲೆ ಗ್ಲಾಸಿನ್ಯಾಗ ಕೋಕಂ ಜ್ಯೂಸ್ ಹಾಕಿ, ಮ್ಯಾಲೊಂದು ಲಿಂಬಿ ಹೋಳು ಸಿಗಿಸಿ ಕೊಡ್ತಾರ. ನಮ್ಮಲ್ಲೆ ಇದ್ದು ಹೋದೋರು ಆ್ಯಪಿನ್ಯಾಗ ಬರೀತಿದ್ರಲ್ಲ, ಅವರೆಲ್ಲಾರೂ ಇದನ್ನ ಬರದಿದ್ರಂತ. ಬೆಲ್ಲಾ ಅಂತ ಹುಡುಕಿದ್ವಿ, ನಿಮ್ಮ ಮನಿ ಒಂದ ಬಂತು ಅಂದ ಸಾಹೇಬ.”

ಬೆಲ್ಲ-ನೀರಿನ ಆ ಸಾಲನ್ನು ಶೈಲಶ್ರೀ ಸೇರಿಸಿದ್ದು ಕಟ್ಟಕಡೆಗೆ, ವರದಿ ಬರೇ ಕಾನೂನಿನ ಒಣಹುಲ್ಲಾಗಬಾರದೆಂದು. ವರದಿಗೆ ಜೀವ ಬಂದದ್ದೇ ಅದರಿಂದ ಎಂದು ಸಂಪಾದಕರು ಹೊಗಳಿದ್ದರು. ಹೊರಗಿನವಳಾಗಿದ್ದರೆ ಇದೇನು ಹೊಸ ಪದ್ಧತಿ ಎಂದು ನಿಂತು ಯೋಚಿಸುತ್ತಿದ್ದಳು. ಇಲ್ಲಿಯವಳೇ ಆದ್ದರಿಂದ ಅದು ಎಲ್ಲರ ಮನೆಯದು, ಯಾರ ಗುರುತೂ ಅಲ್ಲ ಎಂದುಕೊಂಡಿದ್ದಳು. ಜನ ಬರೆದದ್ದನ್ನೆಲ್ಲ ಕೂಡಿಟ್ಟುಕೊಂಡು ಕಂಪನಿಗಳು ಅದನ್ನು ಜನರ ಮೇಲೆಯೇ ಹೇಗೆ ತಿರುಗಿಸುತ್ತವೆ ಎಂದು ಹದಿನಾಲ್ಕು ವರ್ಷ ಊರಿಗೆಲ್ಲ ಹೇಳಿದವಳು ಇವಳೇ. ದೀಪದ ಬುಡದಲ್ಲೇ ಕತ್ತಲೆ.

“ನನಗ್ಯಾಕ ಹೇಳಲಿಲ್ಲಕ್ಕಾ?”

“ಹೇಳಿ ಏನ ಮಾಡೂದು? ನೀ ಬೇಕಂತ ಮಾಡೀ ಏನು? ಮತ್ತ ನಿನಗರ ಯಾಕ ತ್ರಾಸು.”

ನಾಲ್ಕು ಮಾತು ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಶೈಲಶ್ರೀ ತಲೆ ತಗ್ಗಿಸಿದಳು. ರೂಮುಗಳಿಗೆ ಬೀಗ ಬಿದ್ದಿದೆ ಎಂದಳು ಗೋಪಿಬಾಯಿ. ಕಾಶಿರಾಮ ಸಾಂಬ್ರಾಣಿ ಊರಿನ ಕಡೆ ಹೊಲದ ಕೆಲಸಕ್ಕೆ ಹೋಗುತ್ತಾನೆ, ತಾನು ಹೊಳೆದಂಡೆಯ ದೊಡ್ಡ ಹೋಮ್‌ಸ್ಟೇಯಲ್ಲಿ ಅಡುಗೆಗೆ ಸೇರಿದ್ದೇನೆ ಎಂದಳು.

“ಅದೂ ಅದ ಆ್ಯಪಿನ್ಯಾಗ ಐತಿ,” ಎಂದು ಕಾಶಿರಾಮ ಮೆಲ್ಲಗೆ ಸೇರಿಸಿದ. “ಇನ್ನೊಂದ ಮಾತು ಹೊರಗ ಹೋತಂದ್ರ, ಅಲ್ಲಿಂದನೂ ಈಕಿನ್ನ ತಗೀತಾರ.”

“ಆದ್ರ ಇದನ್ನ ಬರೀಬೇಕಣ್ಣಾ. ಸಿಟ್ಟು ತೀರಿಸ್ಕೊಂಡಾರ ಅಂತ ತನಿಖಿ ಮಾಡೋರಿಗೆ ಗೊತ್ತಾಗಬೇಕು.”

ಅಷ್ಟರಲ್ಲಿ ಗೇಟಿನ ಮುಂದೆ ಒಂದು ಕಾರು ನಿಂತಿತು. ಡ್ರೈವರ್ ಕಿಟಕಿಯಿಂದ ಮೊಬೈಲ್ ಚಾಚಿ, ಹೊಳೆದಂಡೆಯ ಆ ಹೋಮ್‌ಸ್ಟೇಗೆ ದಾರಿ ಕೇಳಿದ. ಗೋಪಿಬಾಯಿ ಎದ್ದು ಹೋದಳು. ಹಿಂದಿನ ಸೀಟಿನಲ್ಲಿದ್ದ ಮಕ್ಕಳನ್ನು ನೋಡಿ ನಕ್ಕಳು. ಎಲ್ಲಿ ತಿರುಗಬೇಕು, ಎಲ್ಲಿ ರಸ್ತೆ ಕೆಟ್ಟಿದೆ ಎಂದು ಕೈ ಮಾಡಿ ತೋರಿಸಿದಳು. ಕಾರು ಮರೆಯಾಗುವವರೆಗೂ ಅಲ್ಲೇ ನಿಂತಿದ್ದು ವಾಪಸು ಬಂದಳು.

ಶೈಲಶ್ರೀಯ ತೊಡೆಯ ಮೇಲೆ ನೋಟ್‌ಬುಕ್ ತೆರೆದಿತ್ತು. ಯಾವಾಗ ತೆಗೆದೆ, ಯಾವಾಗ ಬರೆದೆ ಎಂಬುದು ಅವಳಿಗೇ ತಿಳಿಯಲಿಲ್ಲ. ಅಕ್ಷರ ಮಾತ್ರ ತನ್ನದೇ. ಅವಳು ಬೆಚ್ಚಿ ಪುಟ ಮುಚ್ಚಲು ಹೋದಳು.

“ಏನ ಬರದೀ, ಓದು,” ಎಂದಳು ಗೋಪಿಬಾಯಿ.

ಶೈಲಶ್ರೀ ತಡವರಿಸುತ್ತ ಕನ್ನಡ ಮಾಡಿ ಓದಿದಳು. “ಮನಿ ಮುಂದ ಕಾರು ನಿಂತಿತು. ಹಸಿರು ಬಳಿ ತೊಟ್ಟ ಕೈ, ಬ್ಯಾರೆಯವರ ಮನಿಗೆ ದಾರಿ ತೋರಿಸಿತು.”

ಗೋಪಿಬಾಯಿ ತನ್ನ ಬಳೆ ಮುಟ್ಟಿಕೊಂಡಳು. “ಬಳಿ ತಗದಬಿಡು ತಂಗಿ. ಅಲ್ಲೆ ಅಡಿಗಿ ಮನ್ಯಾಗ ಹಸರ ಬಳಿ ನಾ ಒಬ್ಬಾಕಿನ ಹಾಕೂದು.”

ಶೈಲಶ್ರೀ ಬಳೆಯ ಮೇಲೆ ಗೆರೆ ಎಳೆದಳು.

“ಕಾರು?”

“ಅದನ್ನೂ ತಗಿ.”

“ಕೈ ಇರ್ಲ್ಯಾ ಅಕ್ಕಾ?”

ಗೋಪಿಬಾಯಿ ತನ್ನ ಬಲಗೈಯನ್ನೊಮ್ಮೆ ತಿರುವಿ ನೋಡಿಕೊಂಡಳು. ಆಮೇಲೆ ಅದನ್ನು ಸೆರಗಿನೊಳಗೆ ಎಳೆದುಕೊಂಡು, “ಕೈನೂ ತಗಿ,” ಎಂದಳು.